ಗೋಡೆ ಕಟ್ಟಿದೆವು, ಮಕ್ಕಳ ಮನಸ್ಸು?

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ನೆಲ ನಡುಗಿದಾಗ ಸೋಲಾಪುರ, ಕಲಬುರಗಿ ಕಡೆಯವರಿಗೂ ಅದರ ಅರಿವಾಗಿತ್ತು. ಗಣಪತಿ ಕಳಿಸಿ ಮಲಗಿದ್ದ ಲಾತೂರು, ಉಸ್ಮಾನಾಬಾದ್ (ಇಂದಿನ ಧಾರಾಶಿವ) ಸೀಮೆಯ ಸಾವಿರಾರು ಮಂದಿ ಮಾತ್ರ ಮತ್ತೆ ಏಳಲಿಲ್ಲ. ಕಲ್ಲು-ಮಣ್ಣಿನ ದಪ್ಪ ಗೋಡೆಗಳೇ ಅವರ ಮೇಲೆ ಬಿದ್ದವು.

ಮುಂದೆ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಲಾಯಿತು. ಮನೆಗೆ, ಸಿಮೆಂಟಿಗೆ, ತಗಡಿಗೆ ಎಲ್ಲದಕ್ಕೂ ಲೆಕ್ಕ ಇತ್ತು. ತಾಯಿ-ತಂದಿ ಕಳಕೊಂಡ ಹುಡುಗರ ಅಂಜಿಕೆಗೆ ಯಾವ ವಹಿಯಲ್ಲಿ ಲೆಕ್ಕ ಬರೆಯಬೇಕು? ಭಾರತೀಯ ಜೈನ ಸಂಘಟನೆಯವರು ಸುಮಾರು 1,200 ಮಕ್ಕಳನ್ನು ಪುಣೆಗೆ ಕರೆದೊಯ್ದು, ಊಟ, ವಸತಿ, ಶಾಲೆ ಕೊಟ್ಟು ಬೆಳೆಸಿದ್ದು ದೊಡ್ಡ ಕೆಲಸ. ಆದರೆ ಪ್ರತಿ ಊರಿಗೂ ಪುಣೆ ಸಿಗುವುದಿಲ್ಲ. ಊರೇ ಆ ಕೆಲಸ ಮಾಡಬೇಕಾಗುತ್ತದೆ.

"ಸಣ್ಣ ಹುಡುಗ್ರು, ಮರೀತಾವ ಬಿಡ್ರಿ" ಎಂದು ನಾವು ಸುಲಭವಾಗಿ ಅಂದುಬಿಡುತ್ತೇವೆ. ಮರೆಯುವುದಿಲ್ಲ. ಅಮೆರಿಕದಲ್ಲಿ 1995ರಿಂದ 1997ರವರೆಗೆ 17 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ಬಗ್ಗೆ ಕೇಳಲಾಯಿತು. ಹೊಡೆತ, ಲೈಂಗಿಕ ಹಿಂಸೆ, ಮನೆಯಲ್ಲಿ ಕುಡಿತ, ತಾಯಿಗೆ ಬೀಳುವ ಪೆಟ್ಟು, ಇಂಥವು ಹೆಚ್ಚಾದಷ್ಟೂ ದೊಡ್ಡವರಾದ ಮೇಲೆ ಕುಡಿತ, ಖಿನ್ನತೆ, ಆತ್ಮಹತ್ಯೆಯ ಯತ್ನ, ಹೃದಯರೋಗ ಕೂಡ ಹೆಚ್ಚು ಕಂಡವು. ಅಂದರೆ ಭೂಕಂಪವೇ ಆಗಬೇಕೆಂದಿಲ್ಲ. ಸಾಲಕ್ಕೆ ಹೆದರಿ ಜೀವ ತಕ್ಕೊಂಡ ರೈತನ ಮಗ, ಕುಡಿದು ಬರುವ ಅಪ್ಪನಿಗೆ ಅಂಜಿ ಮೂಲೆ ಸೇರುವ ಮಗಳು ನಮ್ಮ ಓಣಿಯಲ್ಲೇ ಇದ್ದಾರೆ. ದಸರೆ ಆದಮೇಲೆ ಜತ್ತ ಕಡೆಯಿಂದ ಕಬ್ಬು ಕಡಿಯಲು ಹೋಗುವ ಟೋಳಿಗಳ ಮಕ್ಕಳೂ ಶಾಲೆ ಬಿಟ್ಟು ಗುಡಿಸಲಲ್ಲಿ ತಿಂಗಳುಗಟ್ಟಲೆ ಕಳೆಯುತ್ತಾರೆ.

ಔಷಧ ಬಹಳ ದೂರ ಇಲ್ಲ. ದಿನಾ ಅದೇ ಹೊತ್ತಿಗೆ ಊಟ, ಶಾಲೆ, ಆಟ, ನಿದ್ದೆ. ನಂಬುವಂಥ ಒಬ್ಬ ದೊಡ್ಡವರ ಆಸರೆ. ಒತ್ತಾಯ ಮಾಡಿ ಮಾತಾಡಿಸುವುದು ಬೇಡ, ಮಾತಾಡಿದಾಗ ಕೇಳಿದರೆ ಸಾಕು. ಅಂಗನವಾಡಿ ಅಕ್ಕ, ಆಶಾ ಕಾರ್ಯಕರ್ತೆ, ಮಾಸ್ತರರು, ಮಹಿಳಾ ಬಚತ ಗಟದವರು ತಿಂಗಳಿಗೊಮ್ಮೆ ಕೂತು "ಯಾವ ಕೂಸು ಸುಮ್ಮನಾಗ್ಯದ, ಯಾವುದು ಶಾಲಿಗೆ ಬಂದಿಲ್ಲ" ಎಂದು ನೋಡಿದರೆ ಅರ್ಧ ಕೆಲಸ ಆದಂತೆ. ಟೋಳಿ ಹೊರಡುವ ಮೊದಲೇ ಹಂಗಾಮಿ ವಸತಿಗೃಹ ಕೇಳಬೇಕು, ಹೊರಟ ಮೇಲಲ್ಲ.

ಇಲ್ಲಿ ಭಾಷೆಯ ಮಾತು ಬರುತ್ತದೆ. ಅಡತಿ ಅಂಗಡಿಯಲ್ಲಿ ನಾವು ಮರಾಠಿಯಲ್ಲಿ ಲೆಕ್ಕ ಬರೆಯುತ್ತೇವೆ. ಅಳುವಾಗ ಮಾತ್ರ "ಯವ್ವಾ" ಅನ್ನುತ್ತೇವೆ. ಅಂಜಿದ ಮಗು ಮನೆಮಾತಿನಲ್ಲೇ ಬಾಯಿ ಬಿಡುತ್ತದೆ. ಅಕ್ಕಲಕೋಟ, ಜತ್ತ, ದಕ್ಷಿಣ ಸೋಲಾಪುರದ ಕನ್ನಡ ಶಾಲೆಗಳಿಗೆ ಸಮಾಲೋಚಕರನ್ನು ಕಳಿಸುವಾಗ ಕನ್ನಡ ಬಲ್ಲವರನ್ನೇ ಕಳಿಸಬೇಕೆಂದು ಕೇಳುವುದು ಭಾಷೆಯ ಜಗಳವಲ್ಲ, ಮಗುವಿನ ಹಕ್ಕು. ಗಡಿಯಾಚೆಯ ಕರ್ನಾಟಕ ಸರಕಾರವೂ ನಮಗೆ ಸನ್ಮಾನ, ಶಾಲು ಕಳಿಸುವ ಬದಲು ಇಂಥ ತರಬೇತಿ ಕೊಡಿಸಲಿ.

ಒಂದು ಎಚ್ಚರಿಕೆ. "ಮನಿ ಮಾತು ಹೊರಗ್ಯಾಕ" ಎಂದು ಹಿರಿಯರು ಕಟ್ಟೆಯ ಮೇಲೆ ರಾಜಿ ಮಾಡುವುದುಂಟು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆದರೆ ರಾಜಿ ಇಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಗೊತ್ತಿದ್ದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳ ಸಹಾಯಕ್ಕೆ 1098, ಮನಸ್ಸಿನ ತೊಂದರೆಗೆ 2022ರಲ್ಲಿ ಸುರುವಾದ ಟೆಲಿ ಮಾನಸ್‌ನ 14416. ಎರಡೂ ನಂಬರನ್ನು ಅಂಗಡಿ ಗೋಡೆಯ ಮೇಲೆ, ಶಾಲೆಯ ಬಾಗಿಲಿಗೆ ಬರೆಸಲು ಒಂದು ಡಬ್ಬಿ ಬಣ್ಣ ಸಾಕು.

ಬಿತ್ತುವ ಮುಂದೆ ಹೊಲ ಹಸನು ಮಾಡುವ ನಾವು, ಬೆಳೆಯುವ ಕೂಸಿನ ಮನಸ್ಸನ್ನು ದೇವರ ಮೇಲೆ ಹಾಕಿ ಕೂತರೆ ಹೇಗೆ? ಬರುವ ಗ್ರಾಮಸಭೆಯಲ್ಲಿ ರಸ್ತೆ, ನೀರಿನ ಜತೆಗೆ ಈ ವಿಷಯವನ್ನೂ ಒಬ್ಬರು ಎದ್ದು ನಿಂತು ಕೇಳಲಿ.