ಚೆಂದ ನೋಡುವ ಮುಂಚೆ ಹೊಲದವರನ್ನು ಕೇಳಿ

ಆಷಾಢದ ಹೊತ್ತಿಗೆ ನಮ್ಮ ಗುಂಡ್ಲುಪೇಟೆ ಕಡೆ ಸೂರ್ಯಕಾಂತಿ, ಚೆಂಡುಹೂ ಅರಳಿ ನಿಂತಿರುತ್ತವೆ. ಊಟಿಗೆ, ವಯನಾಡಿಗೆ ಹೊರಟವರು ಕಾರು ನಿಲ್ಲಿಸಿ ಸೀದಾ ಹೊಲಕ್ಕಿಳಿಯುತ್ತಾರೆ. ಫೋಟೋ ಮುಗಿಯುವಷ್ಟರಲ್ಲಿ ಬದುವಿನ ಪಕ್ಕದ ಎರಡು ಸಾಲು ಗಿಡ ನೆಲ ಹಿಡಿದಿರುತ್ತದೆ. ಬಣ್ಣ ತೆಗೆಯುವ ಕಾರ್ಖಾನೆಗೆ ತೂಕದ ಲೆಕ್ಕದಲ್ಲಿ ಕೊಡುವ ಹೂವಿದು. ಮುರಿದ ಗಿಡಕ್ಕೆ ತೂಕ ಎಲ್ಲಿಂದ ಬರಬೇಕು? ಒಮ್ಮೆ ಕೇಳಿದ್ದಕ್ಕೆ, "ಎರಡು ಹೂವಿಗೆ ಇಷ್ಟು ಮಾತಾ ಯಜಮಾನ್ರೇ?" ಅಂದುಬಿಟ್ಟರು.

ಆ ಸಿಟ್ಟು ಇಟ್ಟುಕೊಂಡೇ ಕಳೆದ ಜನವರಿಯಲ್ಲಿ ನಾನೂ ಪ್ರವಾಸಿಯಾದೆ. ಮಗ ಕರೆದುಕೊಂಡು ಹೋದದ್ದು ಅಂಡಮಾನಿನ ಪೋರ್ಟ್ ಬ್ಲೇರ್‌ಗೆ. 2024ರಲ್ಲಿ ಅದಕ್ಕೆ ಶ್ರೀ ವಿಜಯಪುರಂ ಎಂದು ಹೆಸರಿಟ್ಟಿದ್ದಾರೆ. ಬಂದರು, ಸೆಲ್ಯುಲಾರ್ ಜೈಲು, ಗುಡ್ಡದ ತುಂಬ ತೆಂಗು, ಅಡಿಕೆ. ಕಣ್ಣಿಗೆ ಹಬ್ಬವೇ ಸರಿ. ಮಾರುಕಟ್ಟೆಯಲ್ಲಿ ವಿಚಾರಿಸಿದರೆ ಈರುಳ್ಳಿ, ಆಲೂಗಡ್ಡೆ ಹಡಗಿನಲ್ಲಿ ಬರಬೇಕಂತೆ.

ಊರಿನ ಹೊರಗೆ ಸಿಪ್ಪಿಘಾಟ್ ಎಂಬಲ್ಲಿ ರಸ್ತೆ ಪಕ್ಕ ವಿಶಾಲವಾದ ನೀರು, ಅದರ ಮೇಲೆ ಹಕ್ಕಿಗಳು. ಆಟೋ ನಿಲ್ಲಿಸಿ ನಾನೂ ಫೋಟೋಕ್ಕೆ ನಿಂತೆ. ಚಾಲಕ ತಮಿಳಿನವನು. ನಮಗೆ ತಮಿಳು ತಕ್ಕಮಟ್ಟಿಗೆ ಬರುತ್ತಲ್ಲ, ಮಾತಿಗೆ ಸಿಕ್ಕ. "ಅಣ್ಣಾ, ನೀವು ನಿಂತಿರೋದು ನಮ್ಮ ಮಾವನ ಗದ್ದೆ ಮುಂದೆ" ಅಂದ.

2004ರ ಡಿಸೆಂಬರ್ 26ರ ಭೂಕಂಪದಲ್ಲಿ ಆ ಕಡೆಯ ನೆಲವೇ ಸುಮಾರು ಒಂದು ಮೀಟರ್ ಕುಸಿಯಿತು. ಸುನಾಮಿ ಅಲೆ ಹಿಂದಕ್ಕೆ ಹೋಯಿತು, ಆದರೆ ತಗ್ಗಾದ ಗದ್ದೆಗೆ ಉಬ್ಬರದ ಉಪ್ಪುನೀರು ಬರುವುದು ನಿಲ್ಲಲಿಲ್ಲ. ಭತ್ತ ಬೆಳೆದ ಜಾಗ ಇವತ್ತು ಪ್ರವಾಸಿಗರಿಗೆ 'ಸೀನರಿ'. ನೀರು ಅಷ್ಟೊಂದು ನಿಲ್ಲದ ಕಡೆ ಅಲ್ಲಿನ ದ್ವೀಪ ಕೃಷಿ ಸಂಶೋಧನಾ ಸಂಸ್ಥೆ ಒಂದು ದಾರಿ ತೋರಿಸಿದೆ. ಅಗಲವಾದ ಕಾಲುವೆ ತೋಡಿ, ಆ ಮಣ್ಣಿನಿಂದಲೇ ಪಕ್ಕದಲ್ಲಿ ಎತ್ತರದ ಏರಿ ಮಾಡುವುದು. ಮಳೆ ಬಿದ್ದಂತೆ ಏರಿಯ ಉಪ್ಪು ತೊಳೆದುಹೋಗುತ್ತದೆ. ಮೇಲೆ ತರಕಾರಿ, ಕಾಲುವೆಯಲ್ಲಿ ಮೀನು.

ಫೋನು ಜೇಬಿಗಿಟ್ಟೆ. ನಮ್ಮ ಹೊಲಕ್ಕೆ ಇಳಿಯುವವರಿಗೂ ನನಗೂ ಏನು ವ್ಯತ್ಯಾಸ? ನಾನು ಗಿಡ ತುಳಿಯಲಿಲ್ಲ, ಅಷ್ಟೇ. ಇದು ಯಾರ ನೆಲ, ಏನಾಯಿತು ಎಂದು ಕೇಳಬೇಕು ಅಂತ ನನಗೂ ಹೊಳೆಯಲಿಲ್ಲ. ಅವನಾಗಿ ಹೇಳದಿದ್ದರೆ ಆ ಗದ್ದೆಯನ್ನು ಕೆರೆ ಅಂದುಕೊಂಡೇ ಊರಿಗೆ ಬರುತ್ತಿದ್ದೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಬರುವವರ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಗೊತ್ತಿಲ್ಲದವರಿಗೆ ನಾವೇ ಹೇಳಬೇಕು. ರಸ್ತೆ ಬದಿಯಲ್ಲಿ ಹೊಲ ಇರುವವರು ಒಂದೆರಡು ಸಾಲು ಬಿಟ್ಟು ಓಡಾಡಲು ದಾರಿ ಮಾಡಲಿ, ಬೋರ್ಡು ಹಾಕಲಿ, ಬಂದವರಿಂದ ಹತ್ತಿಪ್ಪತ್ತು ರೂಪಾಯಿ ಕೇಳಲಿ. ಇದರಲ್ಲಿ ನಾಚಿಕೆ ಏನೂ ಇಲ್ಲ, ಬೀಜ, ಗೊಬ್ಬರ, ಕೂಲಿ ನಮ್ಮದು. ಹಣ ಕೊಟ್ಟವರಿಗೆ ಹೂವು ಎಲ್ಲಿಗೆ ಹೋಗುತ್ತದೆ, ಕೆಜಿಗೆ ಎಷ್ಟು ಸಿಗುತ್ತದೆ ಅನ್ನೋದನ್ನೂ ಹೇಳೋಣ. ಆಗ ಅವರು ಹೊಲ ನೋಡಿದ ಹಾಗೆ.

ನಾವು ರೈತರೂ ಅಷ್ಟೇ. ಈಗ ಸಂಘದಿಂದ, ಮನೆಯವರ ಜೊತೆ ಪ್ರವಾಸ ಹೋಗುತ್ತೇವೆ. ಹೋದಲ್ಲಿ ದೇವಸ್ಥಾನ, ಸಮುದ್ರದ ಜೊತೆಗೆ ಒಂದು ಹೊಲವನ್ನೂ ನೋಡಿ ಬರೋಣ. ನೋಡುವ ಮುಂಚೆ ಬದುವಿನ ಮೇಲೆ ನಿಂತು ಕೇಳೋಣ, "ಯಜಮಾನ್ರೇ, ಬರಬಹುದಾ?"