ಮಳೆಯೂರಿನ ವಾರದ ಸಂಜೆ

ಪಶ್ಚಿಮ ನಾರ್ವೆಯ ಬೆರ್ಗೆನ್ ನಗರದಲ್ಲಿ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ದಿನ ಮಳೆ ಸುರಿಯುತ್ತದೆ. ಆಗುಂಬೆಯ ಹೆಸರು ಹೇಳಿ ಎದೆಯುಬ್ಬಿಸುವ ನಮಗೆ ಇದರಲ್ಲಿ ವಿಶೇಷವೇನೂ ಕಾಣಲಿಕ್ಕಿಲ್ಲ. ಅಳತೆಯ ಲೆಕ್ಕಕ್ಕೆ ಆಗುಂಬೆಯೇ ಮುಂದು. ಅಲ್ಲಿಯ ಮಳೆಯ ಮೂರರಲ್ಲೊಂದು ಪಾಲಿನಷ್ಟು ಬೆರ್ಗೆನ್ನಿನಲ್ಲಿ ಬಿದ್ದರೆ ಹೆಚ್ಚು. ಆದರೆ ನಮ್ಮ ಮಳೆಗೆ ಬರುವ ಕಾಲ, ಹೋಗುವ ಕಾಲ ಉಂಟು. ಆರಿದ್ರೆ, ಪುನರ್ವಸು ಎಂದು ಹೆಸರುಗಳೂ ಉಂಟು. ಅವರ ಮಳೆಗೆ ಅಂಥ ಕಟ್ಟುಪಾಡಿಲ್ಲ. ಡಿಸೆಂಬರಿನಲ್ಲಿ ಹಗಲೆಂಬುದೂ ಆರು ಗಂಟೆಗೆ ಕುಗ್ಗಿ, ಮಧ್ಯಾಹ್ನ ಮೂರೂವರೆಗೆ ಸೂರ್ಯಾಸ್ತವಾಗುತ್ತದೆ. ದೂರದೇಶದಿಂದ ಓದಲೆಂದು ಬಂದ ಹುಡುಗನೋ ಹುಡುಗಿಯೋ ಆ ಮೇಲಿನ ದೀರ್ಘವಾದ ಸಂಜೆಯನ್ನು ಹೇಗೆ ಕಳೆಯಬೇಕು?

ಈ ಪ್ರಶ್ನೆ ನನಗೆ ಹೊಳೆದದ್ದು ಪತ್ರಗಳಿಂದ. ವಿಜ್ಞಾನ ಪದವಿಯ ತರಗತಿಯಲ್ಲಿ ನನ್ನಿಂದ ಕನ್ನಡ ಪಾಠ ಕೇಳಿದ್ದ ವಿದ್ಯಾರ್ಥಿನಿಯೊಬ್ಬಳು 2022ರಲ್ಲಿ ಸಮುದ್ರಜೀವಶಾಸ್ತ್ರದ ಉನ್ನತ ವ್ಯಾಸಂಗಕ್ಕಾಗಿ ಆ ಊರಿನ ವಿಶ್ವವಿದ್ಯಾನಿಲಯಕ್ಕೆ ಹೋದಳು. ಅವಳ ವಾಸ ಫಾಂಟಾಫ್ಟ್ ಎಂಬಲ್ಲಿಯ ಎತ್ತರದ ವಿದ್ಯಾರ್ಥಿನಿವಾಸದಲ್ಲಿ. ಮೊದಲ ಎರಡು ತಿಂಗಳ ಪತ್ರಗಳಲ್ಲಿ ಮೀನು, ಮಳೆ, ಬೆಲೆ, ಈ ಮೂರರ ವಿನಾ ಬೇರೆ ಸುದ್ದಿಯಿರಲಿಲ್ಲ. ಎದುರು ಕೋಣೆಯ ನಾರ್ವೆಯ ಹುಡುಗಿ ಪ್ರತಿದಿನವೂ ಸೌಜನ್ಯದಿಂದ ತಲೆಯಾಡಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದಳಂತೆ. ಅಲ್ಲಿಯ ಜನ ಕೆಟ್ಟವರಲ್ಲ, ಮಿತಭಾಷಿಗಳು. ಅಪರಿಚಿತರನ್ನು ಮಾತಿಗೆಳೆಯುವುದನ್ನು ಅವರು ಅತಿಕ್ರಮಣವೆಂದೇ ಬಗೆಯುತ್ತಾರೆ. ರೈಲು ಹತ್ತಿದ ಐದು ನಿಮಿಷದಲ್ಲಿ ಪಕ್ಕದವರ ಸಂಬಳ ವಿಚಾರಿಸುವ ನಮಗೆ ಇದು ಅರ್ಥವಾಗುವುದು ಕಷ್ಟ.

ಮೂರನೆಯ ತಿಂಗಳಿನಿಂದ ಪತ್ರಗಳ ಧಾಟಿ ಬದಲಾಯಿತು. ನಗರದ ಮಧ್ಯದಲ್ಲಿ ಕ್ವಾರ್ತೇರೆಟ್ ಎಂಬ ವಿದ್ಯಾರ್ಥಿಗಳ ಸಂಸ್ಕೃತಿಭವನವಿದೆ, 1995ರಲ್ಲಿ ಆರಂಭವಾದದ್ದು. ಬಹುಮಟ್ಟಿಗೆ ಅದನ್ನು ನಡೆಸುವವರು ಸಂಬಳವಿಲ್ಲದೆ ದುಡಿಯುವ ವಿದ್ಯಾರ್ಥಿಗಳೇ. ಇಂಥ ಕಡೆಗಳಲ್ಲಿ, ಗ್ರಂಥಾಲಯಗಳಲ್ಲಿ, ವಿದ್ಯಾರ್ಥಿಸಂಘಗಳ ಕೋಣೆಗಳಲ್ಲಿ ವಾರವಾರವೂ ಏನಾದರೊಂದು ಕೂಟ: ಒಂದು ಸಂಜೆ ಚರ್ಚೆ, ಒಂದು ಸಂಜೆ ಚಲನಚಿತ್ರ, ಭಾನುವಾರ ಸಪ್ತಗಿರಿಗಳಲ್ಲಿ ಒಂದನ್ನು ಹತ್ತುವುದು. ಹೌದು, ಬೆರ್ಗೆನ್ ಕೂಡ ಏಳು ಬೆಟ್ಟಗಳ ನಡುವಿನ ಊರೆಂದೇ ಹೆಸರಾದದ್ದು. ಹೃದಯಾಕಾರದ ಅಚ್ಚಿನಲ್ಲಿ ದೋಸೆಯಂತೆ ಹುಯ್ದು ಬೇಯಿಸಿದ ವಾಫೆಲ್ ಎಂಬ ತಿಂಡಿ. ಅದರ ಮೇಲೆ ಕಂದುಬಣ್ಣದ, ಸಿಹಿಯಾದ ಗಿಣ್ಣಿನ ಹಲ್ಲೆ. ಪ್ರಾರ್ಥನೆಯಿಲ್ಲ, ಸ್ವಾಗತವಿಲ್ಲ, ಮಾಲಾರ್ಪಣೆಯಿಲ್ಲ, ತಡವಾಗಿ ಬಂದು ಮೊದಲೇ ಹೊರಡುವ ಮುಖ್ಯ ಅತಿಥಿಗಳೂ ಇಲ್ಲ. ಇದಕ್ಕೂ ಸಂಸ್ಕೃತಿಯೆನ್ನಬಹುದೇ ಎಂದು ನಮ್ಮ ಕಾಲೇಜಿನ ಸಾಂಸ್ಕೃತಿಕ ಸಮಿತಿಯವರು ಕೇಳಿಯಾರು.

ಇಂಥ ಕೂಟಗಳಲ್ಲೆಲ್ಲ ನನಗೆ ಒಪ್ಪಿಗೆಯಾಗದ ಒಂದು ಬಗೆಯಿದೆ. ಅದು 'ದೇಶದ ಸಂಜೆ'. ಈ ವಾರ ಭಾರತ, ಬರುವ ವಾರ ಘಾನಾ. ನನ್ನ ಶಿಷ್ಯೆಯೂ ಒಮ್ಮೆ ಸೀರೆಯುಟ್ಟು, ತಾನು ಹುಟ್ಟಿದಂದಿನಿಂದ ಮಾಡಿರದ ಪಂಜಾಬಿ ಕುಣಿತವನ್ನು ಕುಣಿದು ಬಂದಳು. ನೋಡಿದವರು ಚಪ್ಪಾಳೆ ತಟ್ಟಿದರು. ಅಂದು ಅವಳು ಭಾರತವಾಗಿದ್ದಳು. ಶಿವಮೊಗ್ಗದ ಆ ಹುಡುಗಿಯನ್ನು ಯಾರೂ ಕಾಣಲಿಲ್ಲ. ಪ್ರದರ್ಶನಕ್ಕೆ ನಿಂತವರ ಜತೆ ಮಾತನಾಡಲು ಯಾರಿಗೆ ತೋರೀತು?

ಅವಳಿಗೆ ನಿಜವಾಗಿ ಗೆಳೆಯರು ದೊರೆತದ್ದು ವೇದಿಕೆಯ ಹಿಂದೆ. ಬಂದವರ ಒದ್ದೆ ಕೋಟುಗಳನ್ನು ತೆಗೆದಿರಿಸುವ ಕೆಲಸಕ್ಕೆ ಅವಳು ಹೆಸರು ಕೊಟ್ಟಳು. ನಾರ್ವೆಯವರಲ್ಲಿ 'ದುಗ್ನಾಡ್' ಎಂಬ ಮಾತುಂಟು: ನೆರೆಹೊರೆಯವರೆಲ್ಲ ಸೇರಿ ಕೂಲಿಯಿಲ್ಲದೆ ಮಾಡುವ ಕೆಲಸ. ನಮ್ಮ ಹಳ್ಳಿಗಳ ಮುಯ್ಯಾಳಿನ ಪದ್ಧತಿಗೆ ಹತ್ತಿರದ ನಂಟಿನದು. ಒಟ್ಟಿಗೆ ಕೋಟು ಹೊತ್ತು, ಕುರ್ಚಿ ಜೋಡಿಸಿ, ನೆಲ ಒರೆಸುವಾಗ ಆ ಮಿತಭಾಷಿಗಳ ನಾಲಗೆ ತಾನಾಗಿ ಸಡಿಲವಾಯಿತಂತೆ. ಕೈಗೆ ಕೆಲಸವಿದ್ದರೆ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕಾದ ಸಂಕೋಚವಿರುವುದಿಲ್ಲವಷ್ಟೆ!

ಇನ್ನು ಭಾಷೆ. ಈ ಕೂಟಗಳಲ್ಲಿ ಬಹುಪಾಲು ಇಂಗ್ಲಿಷಿನಲ್ಲಿಯೇ ನಡೆಯುತ್ತವೆ. ಅತಿಥಿಗಳಿಗೆ ಅನುಕೂಲವಾಗಲೆಂಬ ಸದುದ್ದೇಶ. ಆದರೆ ಅತಿಥಿಯ ಅನುಕೂಲವೇ ಅವನನ್ನು ಹೊಸ್ತಿಲ ಹೊರಗೆ ನಿಲ್ಲಿಸಿಬಿಡಬಹುದು. ಕನ್ನಡದ ಮೇಷ್ಟರ ಹಠವೆಂದು ವಾಚಕರು ನಕ್ಕರೂ ಚಿಂತೆಯಿಲ್ಲ: ವಾರಕ್ಕೆ ಒಂದು ಸಂಜೆಯಾದರೂ ಊರಿನ ನುಡಿಯಲ್ಲಿಯೇ ನಡೆಯಬೇಕು. ಸುಮಾರು ಐವತ್ತೈದು ಲಕ್ಷ ಜನರ ಆ ದೇಶದ ನುಡಿಗೆ ಬರಹದ ರೂಪಗಳೇ ಎರಡು. ಅವುಗಳಲ್ಲೊಂದಕ್ಕೆ, ಹತ್ತೊಂಬತ್ತನೆಯ ಶತಮಾನದಲ್ಲಿ ಈವಾರ್ ಓಸೆನ್ ಹಳ್ಳಿಹಳ್ಳಿ ತಿರುಗಿ ರೈತರ ಆಡುಮಾತಿನಿಂದ ಅಡಿಪಾಯ ಹಾಕಿದ. 1885ರಲ್ಲಿ ಅದಕ್ಕೆ ಸಮಾನ ಮನ್ನಣೆ ದೊರೆಯಿತು. ಇಂದಿಗೂ ಅಲ್ಲಿ ಪ್ರಾಧ್ಯಾಪಕ ತನ್ನ ಹುಟ್ಟೂರಿನ ಮಾತನ್ನೇ ತರಗತಿಯಲ್ಲಿ ನಾಚದೆ ಆಡಬಲ್ಲ. ನನ್ನ ಶಿಷ್ಯೆ ಇದನ್ನು ಅರಿತದ್ದು ಭಾಷಾಕೂಟವೊಂದರಲ್ಲಿ, ನಿವೃತ್ತ ಶಿಕ್ಷಕಿಯೊಬ್ಬರ ಎದುರು ಕುಳಿತು, ಕಾಫಿ ಕುಡಿಯುತ್ತ. ಆಕೆ ಅವಳಿಗೆ ಬೆರ್ಗೆನ್ನಿನ ಮಳೆಯ ಬಗೆಗಳಿಗಿರುವ ಹೆಸರುಗಳನ್ನು ಹೇಳಿಕೊಟ್ಟರಂತೆ. ಇವಳು ಜಡಿಮಳೆ, ತುಂತುರು, ಸೋನೆ ಎಂದು ಬರೆದುಕೊಟ್ಟಳಂತೆ. ಭಾರತದ ಸಂಜೆ ಅಂದು ನಡೆಯಿತೆಂದು ನನ್ನ ಎಣಿಕೆ.

2023ರ ಶರತ್ಕಾಲದಿಂದ ನಾರ್ವೆ ಸರ್ಕಾರ ಯುರೋಪಿನ ಆಚೆಯಿಂದ ಹೊಸದಾಗಿ ಬರುವ ವಿದ್ಯಾರ್ಥಿಗಳ ಮೇಲೆ ಬೋಧನಾಶುಲ್ಕ ಹೇರಿತು. ಅದುವರೆಗೆ ಅಲ್ಲಿಯ ಸರ್ಕಾರಿ ವಿದ್ಯಾಸಂಸ್ಥೆಗಳಲ್ಲಿ ಎಲ್ಲರಿಗೂ ಉಚಿತ ಶಿಕ್ಷಣವಿತ್ತು. ಏಷ್ಯ, ಆಫ್ರಿಕಗಳಿಂದ ಬರುವವರ ಸಂಖ್ಯೆ ಆ ವರ್ಷವೇ ತೀವ್ರವಾಗಿ ಕುಸಿಯಿತು. ಮರುವರ್ಷ ಹೊರಡಬೇಕೆಂದಿದ್ದ ನಮ್ಮೂರಿನ ಇನ್ನೊಬ್ಬ ಹುಡುಗ ಲಕ್ಷಗಳ ಲೆಕ್ಕ ನೋಡಿ ಸುಮ್ಮನಾದ. ತೆರಿಗೆ ಕಟ್ಟುವವರು ತಮ್ಮ ಹಣದ ಲೆಕ್ಕ ಕೇಳುವುದು ತಪ್ಪಲ್ಲ. ಆದರೆ ವಾರದ ಕೂಟದ ಬಾಗಿಲನ್ನು ಪುಕ್ಕಟೆ ತೆರೆದಿಟ್ಟು ಹೆಬ್ಬಾಗಿಲಿಗೆ ಬೆಲೆ ಕಟ್ಟಿದರೆ, ಒಳಗೆ ಜಗತ್ತನ್ನು ಕೂಡಿಸಿದೆವೆಂದು ಹೇಳುವುದು ಹೇಗೆ? ಘಾನಾದವನು ಬಾರದಿದ್ದರೆ ಘಾನಾದ ಸಂಜೆಯನ್ನು ಫ್ರಾನ್ಸಿನವನು ನಡೆಸಬೇಕಾದೀತು.

ಅವರನ್ನು ಹೀಗೆ ಪ್ರಶ್ನಿಸುವಾಗ ನನ್ನ ಧ್ವನಿ ಕೊಂಚ ತಗ್ಗುತ್ತದೆ. ಹಿಂದೆ ನಾನು ಕೆಲಸ ಮಾಡಿದ ಕಾಲೇಜೊಂದರಲ್ಲಿ ಆಫ್ರಿಕದ ಹುಡುಗನೊಬ್ಬ ಮೂರು ವರ್ಷ ಓದಿದ. ವಾರ್ಷಿಕೋತ್ಸವ ಬಂದಾಗಲೆಲ್ಲ ಅವನ ದೇಶದ ಉಡುಪು ತೊಡಿಸಿ ಒಂದು ಹಾಡು ಹೇಳಿಸುತ್ತಿದ್ದೆವು. ಉಳಿದ ದಿನಗಳಲ್ಲಿ ಅವನು ಎಲ್ಲಿ ಊಟ ಮಾಡುತ್ತಿದ್ದ, ಯಾರೊಡನೆ ಮಾತನಾಡುತ್ತಿದ್ದ ಎಂದು ನಾನಂತೂ ವಿಚಾರಿಸಿದವನಲ್ಲ. ಪರೀಕ್ಷೆ ಮುಗಿಸಿ ಊರಿಗೆ ಹೊರಟ ದಿನ ಹೇಳಿಹೋಗಲು ಕೋಣೆಗೆ ಬಂದ. ಕನ್ನಡ ಎಷ್ಟು ಕಲಿತೆಯಪ್ಪಾ ಎಂದು, ಕೇಳಬೇಕಾದ ಪ್ರಶ್ನೆಯನ್ನು ಮೂರು ವರ್ಷ ತಡವಾಗಿ ಕೇಳಿದೆ. ಅವನು ಬೆರಳು ಮಡಿಸಿ ಎಣಿಸಿದ: "ಎಷ್ಟು, ಬೇಡ, ಜಾಸ್ತಿ ಆಯ್ತು, ಮನೆ ಖಾಲಿ ಇಲ್ಲ."