ತೊಟ್ಟಿಲಿಗೆ ಪೆಂಡಾಲ್ ಯಾಕ ಬೇಕು?

ಹೆಸರುಕಾಯಿ ಬಿಡಿಸೋ ಗದ್ದಲದಾಗ ಎರಡು ವಾರ ಏನೂ ಬರೆಯಾಕ ಆಗಲಿಲ್ಲ. ಇವತ್ತಿಂದು ಬ್ಯಾರೆ ಹೆಸರಿನ ಮಾತು.

ಈ ತಿಂಗಳು ನಮ್ಮ ಓಣ್ಯಾಗ ಮೂರು ತೊಟ್ಟಿಲ ಕಾರ್ಯ. ಮೂರಕ್ಕೂ ಪೆಂಡಾಲ್, ಫ್ಲೆಕ್ಸ್. ಎರಡಕ್ಕ ಡಿಜೆ. ಖರ್ಚೆಲ್ಲಾ ತವರಿನವರದು. ಅವರಾಗ ಒಬ್ಬರದು ಗೊಬ್ಬರದಂಗಡಿ ಉದ್ರಿ ಇನ್ನೂ ತೀರಿಲ್ಲ. ಬೈಯಾಕ ಹೊಂಟಿಲ್ಲ, ಮೂರು ವರ್ಷದ ಹಿಂದ ನಾನೂ ಅದನ್ನ ಮಾಡೀನಿ.

ನಮ್ಮವ್ವನ ಕಾಲದಾಗ 12ಕ್ಕೋ 13ಕ್ಕೋ ಮನ್ಯಾಗ ತೊಟ್ಟಿಲು ಕಟ್ಟತಿದ್ರು. ಮೊದಲು ಗುಂಡಕಲ್ಲು ಇಟ್ಟು ತೂಗಿ, ಆಮ್ಯಾಲೆ ಕೂಸು. ಸೋದರತ್ತಿ ಕಿವ್ಯಾಗ ಕುರ್‍ರ್ ಅಂತ ಹೆಸರು ಹೇಳಿದ ಕೂಡಲೇ ಉಳಿದ ಹೆಂಗಸರು ಆಕಿ ಬೆನ್ನಿಗೆ ಗುದ್ದೋದು, ನಗೋದು. ಓಣಿಗೆಲ್ಲಾ ಗುಗ್ಗರಿ. ದೇವರಗುಡ್ಡಕ್ಕ ಹರಕಿ ಹೊತ್ತಿದ್ರ ಮಾಲತೇಶ ಇಲ್ಲಾ ಗುಡ್ಡಪ್ಪ, ಉಳವಿಗೆ ನಡಕೊಂಡಿದ್ರ ಉಳವಪ್ಪ. ಮೊದಲಿನ ಕೂಸು ಉಳಿಯದಿದ್ರ ಮುಂದಿನದನ್ನ ತಿಪ್ಪಿ ಮ್ಯಾಲೆ ಮಲಗಿಸಿ ಎತ್ತಿಕೊಂಡು ತಿಪ್ಪಣ್ಣ ಅಂತ ಕರೀತಿದ್ರು. ತಿಪ್ಪಿ ಕೂಸು ಸಾವಿಗೂ ಬ್ಯಾಡ ಅನ್ನೋ ನಂಬಿಕಿ.

ನನ್ನ ಮೊಮ್ಮಗಳು ಹುಟ್ಟಿದಾಗ ಬೀಗರು, "ಹೆಣ್ಣು ಕೂಸಲ್ಲ, ಸಣ್ಣದಾಗಿ ಮಾಡ್ರಿ" ಅಂದ್ರು. ಆ ಮಾತು ಚುಚ್ಚಿತು. ಮಗಳು "ಅಪ್ಪಾ, ಬ್ಯಾಡ" ಅಂದ್ರೂ ಕೇಳಲಿಲ್ಲ. 60,000 ಕೈಗಡ ತಂದು 300 ಮಂದಿಗೆ ಊಟ ಹಾಕಿಸಿದೆ. ಹೋದ ವರ್ಷ ಗಂಡು ಹುಟ್ಟಿತು. "ಹೆಣ್ಣಿಗೇ ಅಷ್ಟು ಮಾಡೀರಿ, ಗಂಡಿಗೆ ಒಂದು ಚೈನ್ ಆದ್ರೂ ಬ್ಯಾಡೇನ್ರಿ?" ಅಂದ್ರು. ಅವರಿಗೆ ಉತ್ತರ ಕೊಡಾಕ ಹೋಗಿ ದರ ಏರಿಸಿದವನು ನಾನೇ. ಗಂಡಿನದು ಮನ್ಯಾಗ, ಗುಗ್ಗರಿ ಹಂಚಿ ಮಾಡಿದ್ವಿ. ಎರಡು ತಿಂಗಳು ಬೀಗರು ಫೋನ್ ಎತ್ತಲಿಲ್ಲ. ಈಗ ಎತ್ತತಾರ. ತೊಟ್ಟಿಲು ಬಿಡ್ರಿ ಅನ್ನೂದಿಲ್ಲ ನಾನು. ಗುದ್ದು ಇರಲಿ, ಗುಗ್ಗರಿ ಇರಲಿ, ಹೆಣ್ಣಿಗೂ ಗಂಡಿಗೂ ಒಂದೇ ಅಳತಿ ಇರಲಿ. ಸಾಲ ಬ್ಯಾಡ.

ಇನ್ನೊಂದು ನಾಚಿಕಿ ವಿಷಯ. ಅಷ್ಟು ದೊಡ್ಡ ಕಾರ್ಯ ಮಾಡಿದ ಮೊಮ್ಮಗಳ ಹೆಸರು ಜನನ ಪ್ರಮಾಣ ಪತ್ರದಾಗ ಇಲ್ಲ. 'ಹೆಣ್ಣು' ಅಂತ ಅಷ್ಟ ಐತಿ! ಜನನ 21 ದಿನದಾಗ ನೋಂದಣಿ ಆಗಬೇಕು. ಹೆಸರನ್ನ 12 ತಿಂಗಳೊಳಗ ಶುಲ್ಕ ಇಲ್ಲದ ಸೇರಿಸಬಹುದು, ಆಮ್ಯಾಲೆ 15 ವರ್ಷದತನಕ ತಡದ ಶುಲ್ಕ ಕಟ್ಟಿ. 2023ರ ಅಕ್ಟೋಬರ್ 1ರಿಂದ ಈಚೆ ಹುಟ್ಟಿದವರಿಗೆ ಸಾಲಿಗೆ, ಲೈಸೆನ್ಸಿಗೆ, ವೋಟರ್ ಪಟ್ಟಿಗೆ ಹುಟ್ಟಿದ ತಾರೀಕಿನ ದಾಖಲೆ ಇದೇ.

ಮುಂದಿನ ಸೋಮವಾರ ಹೆಸರು ಸೇರಿಸಾಕ ಹೊಂಟೀನಿ. ಬರೂವರಿದ್ರ ಆಸ್ಪತ್ರಿ ಚೀಟಿ, ಕೂಸಿನ ಅಪ್ಪ-ಅವ್ವನ ಆಧಾರ್ ತಗೊಂಡು ಬರ್ರಿ, ಕೂಡೇ ಹೋಗೂಣು.